ಫಾಂಟ್ ಕೆಟ್ಟ ಹುಳ

ಕಂಪ್ಯೂಟರಿನ ಹೊಟ್ಟೆಗೆ ಬೇವಿನ ಸೊಪ್ಪು ತುರುಕಿದ ಮೊದಲ ಮನುಷ್ಯ ನನ್ನ ದೊಡ್ಡ ಮಾವನೇ ಎಂದು ಯಾವ ಕಟ್ಟೆಯ ಮೇಲೆ ನಿಂತು ಬೇಕಾದರೂ ಹೇಳಬಲ್ಲೆ! ಕೊಟ್ಟೂರಿನಲ್ಲಿ ಅವನದೊಂದು ಡಿಟಿಪಿ ಅಂಗಡಿ. ಹರಪನಹಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿರುವ ನಾನು, ಫೋನಿನಲ್ಲಿ ಲಕ್ಷಣ ಕೇಳಿ, "ಹುಳ ಹೊಕ್ಕೈತಿ ಮಾವ" ಎಂದದ್ದೇ ಸಾಕಾಯಿತು. ಬಸ್ ಹತ್ತಿ ಬರುವಷ್ಟರಲ್ಲಿ ಸಿಪಿಯು ಡಬ್ಬಿ ಬಾಯಿ ತೆರೆದುಕೊಂಡು ಅಂಗಡಿ ಮುಂದೆ ಬಿಸಿಲಿಗೆ ಮಲಗಿತ್ತು. ಒಳಗೆ ಹಸಿರೋ ಹಸಿರು!

"ಇದೇನೋ ಮಾವ?"

"ಜ್ವಾಳಕ್ಕ ಹುಳ ಬಿದ್ರ ಮತ್ತೇನ್ ಮಾಡ್ತಾರ? ಸಂಜಿತನ ಒಣಗ್ಲಿ ತಡಿ."

ಅಷ್ಟರಲ್ಲಿ ಮದುವೆ ಕಾರ್ಡು ಮಾಡಿಸಲು ಬಂದವರೊಬ್ಬರು ಇಣುಕಿದರು. "ಹುಳ ಅಂಟೂವಂಥಾದ್ದೇನ್ರಿ?"

"ಹೂನ್ರಿ, ಸ್ವಲ್ಪ ದೂರ ನಿಲ್ರಿ" ಎಂದ ಮಾವ. ಪಾಪ, ಅವರು ಮೂಗು ಮುಚ್ಚಿಕೊಂಡು ಹೊರಟೇಹೋದರು!

ಈ ಹುಳಕ್ಕೆ ಕಾಲಿಲ್ಲ, ಬಾಯಿಲ್ಲ. ಅದೊಂದು ಕಿಡಿಗೇಡಿ ಪ್ರೋಗ್ರಾಂ. ಯಾರೂ ಮುಟ್ಟದಿದ್ದರೂ ನೆಟ್‌ವರ್ಕ್ ವಯರಿನೊಳಗೆ ತೆವಳಿ, ಪಕ್ಕದ ಕಂಪ್ಯೂಟರಿನಲ್ಲಿ ತನ್ನದೇ ನಕಲು ಇಟ್ಟು ಬರುತ್ತದೆ. ಸೊಪ್ಪು ತೆಗೆದು, ಹುಳ ತೆಗೆದು, ಊಟ ಮಾಡಿ ಬಂದೆ. ಹುಳ ಮತ್ತೆ ಹಾಜರ್! ಇರುವುದೇ ಒಂದು ಕಂಪ್ಯೂಟರು, ಎಲ್ಲಿಂದ ಬಂತು? ಸಿಟ್ಟಿನಿಂದ ವಯರು ಹಿಡಿದು ಹೊರಟರೆ, ಅದು ಗೋಡೆಯ ತೂತಿನೊಳಗೆ ಹೋಗಿತ್ತು.

ಗೋಡೆಯಾಚೆ ಸಣ್ಣ ಮಾವನ ಅಂಗಡಿ. ಮೊದಲು ಎರಡೂ ಒಂದೇ ಅಂಗಡಿಯಾಗಿತ್ತು. ಬೋರ್ಡಿನ ಮೇಲೆ ಯಾರ ಹೆಸರು ಮೊದಲು ಎಂಬ ಘನಂದಾರಿ ವಿಷಯಕ್ಕೆ ಜಗಳವಾಗಿ, ನಡುವೆ ಗೋಡೆ ಎದ್ದು, ಅಣ್ಣತಮ್ಮಂದಿರ ಮಾತು ನಿಂತುಹೋಯಿತು. ಗೋಡೆ ಕಟ್ಟುವ ಗೌಂಡಿ ವಯರು ಕತ್ತರಿಸಲು ಹೋದಾಗ ಮಾತ್ರ ಇಬ್ಬರೂ "ಅದಿರ್ಲಿ ಬಿಡು" ಅಂದಿದ್ದರಂತೆ.

"ಇದನ್ನ ಕಿತ್ತುಬಿಡ್ತೀನಿ ಮಾವ."

"ಕೈ ಹಚ್ಚಬ್ಯಾಡ ಲೇ! ಅವ ಈಗೀಗ ಬರ್ದು ಕಳಸಾಕ ಹತ್ಯಾನ."

ಮಾವ ಪ್ರಿಂಟರಿನ ಕಡೆ ಕೈ ತೋರಿಸಿದ. ತಾವಾಗಿಯೇ ಅಚ್ಚಾಗಿ ಬಂದ ಹಾಳೆಗಳು. ಮೇಲೆಲ್ಲ ಗೀರು, ಚೌಕ, ತಲೆಬುಡವಿಲ್ಲದ ಅಕ್ಷರ. "ಫಾಂಟ್ ಕೆಟ್ಟೈತಿ, ಓದಾಕ ಬರವಲ್ದು. ನನ್ನ ಹತ್ರ ಇರೋ ಫಾಂಟ್ ಎಲ್ಲಾ ಹಾಕಿ ನೋಡ್ದೆ" ಎಂದ.

ಫಾಂಟ್ ಇಲ್ಲದೆ ತೆರೆದರೆ ಕನ್ನಡ ಹಾಗೆಯೇ ಕಾಣುತ್ತದೆ, ನಿಜ. ನನಗೆ ನಗು ಬರಬೇಕಿತ್ತು, ಬರಲಿಲ್ಲ. "ಮಾವ, ಇವನ್ನ ಸಣ್ಣ ಮಾವ ಕಳಿಸಿಲ್ಲ. ಹುಳಾನೇ ಪ್ರಿಂಟರಿಗೆ ಕಸ ತುಂಬಾಕ ಹತ್ತೈತಿ."

ಮಾವ ಹಾಳೆಗಳ ಅಂಚು ಸರಿಮಾಡಿ ಜೋಡಿಸುತ್ತಲೇ ಇದ್ದ. "ಒಂದೂ ಅವಂದಲ್ಲೇನು?"

ನಾನು ಕೆಲಸದ ಮಾತಿಗೆ ಜಾರಿದೆ. "ಹುಳ ಹೋಗ್ಬೇಕಂದ್ರ ವಯರು ಬಿಚ್ಚಿ, ಎರಡೂ ಕಂಪ್ಯೂಟರ್ ತೊಳದು, ಆಮ್ಯಾಲೆ ಕೂಡಸ್ಬೇಕು. ಆಕಡಿ ಹೋಗಿ ನಾ ಹೇಳಿ ಬರ್ತೀನಿ."

ಮಾವ ನನ್ನ ಭುಜ ಅದುಮಿ ಕೂರಿಸಿದ. ಅಂಗಿಯ ಗುಂಡಿ ಹಾಕಿಕೊಂಡು, ಚಪ್ಪಲಿ ಮೆಟ್ಟಿ ತಾನೇ ಹೊರಟ. ವಯರಿನ ತೂತಿಗೆ ಕಿವಿಯಿಟ್ಟು ಕುಳಿತೆ.

"ನಿನ್ ಕಂಪ್ಯೂಟರಿಗೂ ಹುಳ ಬಿದ್ದೈತಂತಪಾ" ಎಂದ ಮಾವ. "ಸುಮ್ಸುಮ್ನ ಹಾಳಿ ಅಚ್ಚಾಗ್ತಾವಂತ."

ಆಚೆಯಿಂದ ಹಾಳೆಗಳನ್ನು ತಿರುವಿಹಾಕುವ ಸದ್ದು ಬಂತು. ಆಮೇಲೆ ಸಣ್ಣ ಮಾವನ ದನಿ ಕೇಳಿಸಿತು.

"ಹಂಗಾರ... ನನಗ ಬಂದ ಹಾಳಿ ನೀ ಕಳಿಸಿದ್ದಲ್ಲೇನಣ್ಣಾ?"