ಎಂಟು ಖೋಲಿಯ ಪೂರಕ ಕಟ್ಟಡ

ಬೈಲಹೊಂಗಲ ಸೀಮೆಯ ಒಂದು ಪಟ್ಟಣದಲ್ಲಿ ನಿಜಗುಣಪ್ಪನ ಎಂಟು ಖೋಲಿಯ ಮನೆಯು, ಅದರ ಹಿತ್ತಲಲ್ಲಿರುವ ಒಂದು ಖೋಲಿಗೆ ಸೇರಿದ ಪೂರಕ ಕಟ್ಟಡವೆಂದು ಈ ವರ್ಷದಿಂದ ದಾಖಲಾಗಿದೆ. ಇದರಲ್ಲಿ ಯಾರ ತಪ್ಪೂ ಇಲ್ಲ.

ಹಿತ್ತಲಿನ ಖೋಲಿಯನ್ನು ನಿಜಗುಣಪ್ಪ ತಾಯಿ ದೇವಕ್ಕನಿಗಾಗಿ ಕಟ್ಟಿಸಿದ್ದ. ದೇವಕ್ಕನ ಕೆಮ್ಮಿಗೂ ಹೆಂಡತಿ ರಾಜೇಶ್ವರಿಯ ಧಾರಾವಾಹಿಗೂ ಒಂದೇ ಪಡಸಾಲೆ ಸಾಲದಾಗಿತ್ತು. ಆದರೆ ಹೆತ್ತವ್ವನನ್ನು ಹಿತ್ತಲಿಗೆ ಹಾಕಿದ ಎಂದು ಓಣಿಯವರು ಆಡಿಕೊಳ್ಳಬಾರದಲ್ಲ! ಆ ಹತ್ತಡಿ ಖೋಲಿಗೂ ವಾಸ್ತುಶಾಂತಿ ಇಟ್ಟುಕೊಂಡು ಬಣ್ಣದ ಕಾರ್ಡು ಹೊಡೆಸಿದ: "ನಮ್ಮ ಮಾತೋಶ್ರೀಯವರ ಭವ್ಯ ನೂತನ ನಿವಾಸ." ಐನೂರು ಜನ ಹುಗ್ಗಿ ಉಂಡು, ಮಗ ಅಂದರೆ ಹೀಗಿರಬೇಕು ಎಂದು ಹರಸಿ ಹೋದರು. ಭವ್ಯ ನಿವಾಸದೊಳಗೆ ಒಂದು ಮಂಚ ಹಿಡಿಯುತ್ತಿತ್ತು.

ಅದೇ ತಿಂಗಳು ಮನೆ ತೆರಿಗೆಯ ಘೋಷಣೆ ತುಂಬುವಾಗ, ಎಂಟು ಖೋಲಿಯ ಮನೆಯ ಬಗ್ಗೆ ಅವನೇ ಬರೆದ: "ಮಣ್ಣಿನ ಮಾಳಿಗೆ. ಬೀಳುವ ಸ್ಥಿತಿಯಲ್ಲಿದೆ." ನೆಂಟರೆದುರು ಸಾಹುಕಾರ, ಸರ್ಕಾರದೆದುರು ಬಡವ ಆಗುವುದನ್ನು ನಮ್ಮ ಕಡೆ ಯಾರೂ ಸಾಲಿಗೆ ಹೋಗಿ ಕಲಿತದ್ದಲ್ಲ.

ಪರಿಶೀಲನೆಗೆ ಬಂದ ಕರ ಅಧಿಕಾರಿ ಕಾಂತೇಶ ಘೋಷಣೆಯನ್ನೂ ಕಾರ್ಡನ್ನೂ ಪಕ್ಕಪಕ್ಕ ಇಟ್ಟರು. ಹುಗ್ಗಿ ಉಂಡವರಲ್ಲಿ ಅವರೂ ಒಬ್ಬರು.

"ನಿಯಮ ಏಳು," ಎಂದು ಓದಿದರು. "ಒಂದೇ ನಿವೇಶನದಲ್ಲಿ ಎರಡು ಕಟ್ಟಡಗಳಿದ್ದಲ್ಲಿ, ಉತ್ತಮ ಸ್ಥಿತಿಯದು ಪ್ರಧಾನ. ಇನ್ನೊಂದು ಪೂರಕ."

"ಸಾಹೇಬ್ರ, ನಮ್ಮ ಮನಿ ಗಟ್ಟಿಮುಟ್ಟ ಐತ್ರಿ! ನೋಡ್ರಿ ಬೇಕಾದ್ರ," ಎಂದು ನಿಜಗುಣಪ್ಪ ಕಂಬ ಗುದ್ದಿ ತೋರಿಸಿದ.

"ಹಂಗಂದ್ರ ಸುಳ್ಳ ಬರದೀರಿ ಅಂದಂಗಾತು. ಅದಕ್ಕ ದಂಡ ಬ್ಯಾರೆ ಐತಿ. ಏನಂತ ಬರ್ಕೊಳ್ಳಲಿ?"

ಅಜ್ಜ ಕಟ್ಟಿದ ಮನೆ, ಅದರ ಯಜಮಾನಿಕೆ ಕಣ್ಣೆದುರೇ ಕೈಬಿಟ್ಟು ಹೋಗುತ್ತಿತ್ತು. ನಿಜಗುಣಪ್ಪ ದಂಡ ಎಷ್ಟೆಂದು ಕೇಳಿದ. ಕೇಳಿದ ಮೇಲೆ ಕಂಬ ಗುದ್ದುವುದನ್ನು ಬಿಟ್ಟ.

"ಬೀಳೂ ಹಂಗ ಐತಿ ಅಂತನ ಬರ್ಕೊಳ್ರಿ," ಎಂದ.

ನಿಯಮ ಎಂಟರ ಪ್ರಕಾರ ಪ್ರಧಾನ ಕಟ್ಟಡದ ಬಾಗಿಲೇ ಮುಂಬಾಗಿಲು. ಮನೆ ನಂಬರಿನ ತಗಡನ್ನು ಕಿತ್ತು ದೇವಕ್ಕನ ಬಾಗಿಲಿಗೆ ಬಡಿದರು. ಅಂಚೆಯವನು ಗಟಾರದ ಸಂದಿಯಿಂದ ಬರತೊಡಗಿದ. ಮದುವೆ ಕಾರ್ಡು ಕೊಡಲು ಬಂದ ರಾಮದುರ್ಗದ ಬೀಗರು ದೇವಕ್ಕನ ಮಂಚದ ಮೇಲೆ ಕುಳಿತು ಚಹಾ ಕುಡಿದು, "ಪೂರಕದಾಗ ಇರಾವ್ರನ್ನೂ ಕರ್ಕೊಂಡ ಬರ್ರಿ," ಎಂದು ಹೇಳಿ ಹೋದರು. ಚಹಾ ತಂದುಕೊಟ್ಟ ರಾಜೇಶ್ವರಿ ತಲೆಯಾಡಿಸಿದಳು.

ಕಡೆಗೆ ಕಾಂತೇಶ ಇನ್ನೊಂದು ನಮೂನೆ ತಂದರು. ಪೂರಕ ಕಟ್ಟಡದಲ್ಲಿ ವಾಸಿಸಲು ಪ್ರಧಾನ ಕಟ್ಟಡದವರ ಲಿಖಿತ ಒಪ್ಪಿಗೆ ಬೇಕು. ನಿಜಗುಣಪ್ಪ ಚಪ್ಪಲಿ ಹೊರಗೆ ಬಿಟ್ಟು, ಅರ್ಜಿ ಹಿಡಿದು ಮಂಚದ ಹತ್ತಿರ ನಿಂತ.

"ಇವ್ರು ನಿಮಗ ಏನಾಗಬೇಕ್ರಿ ಯವ್ವಾ?" ಕಾಂತೇಶ ಪೆನ್ನು ತೆಗೆದು ಕೇಳಿದರು.

"ಮಗಾ ಆಗಬೇಕ್ರಿ." ದೇವಕ್ಕ ಮಗನ ಮುಖವನ್ನೊಮ್ಮೆ ನೋಡಿದಳು. "ಇರ್ಲಿ ಬಿಡ್ರಿ. ಹುಟ್ಟಿದಾಗಿಂದ ಅಲ್ಲೇ ಇದ್ದ ಜೀವ. ಈಗ ಎಬ್ಬಿಸಿದ್ರ ಎಲ್ಲಿಗೆ ಹೋದೀತು?"

ನಿಜಗುಣಪ್ಪ ತಲೆ ತಗ್ಗಿಸಿದ. ದೇವಕ್ಕ ಹೆಬ್ಬೆಟ್ಟು ಒತ್ತಿದಳು. ಒಪ್ಪಿಗೆ ಒಂದು ವರ್ಷದ ಮಟ್ಟಿಗೆ ಊರ್ಜಿತವಾಗಿದೆ.