ಮಾವನೂ ಅವಸರವಿಲ್ಲದ ಗಡ್ಡೆಯೂ

ನನ್ನ ಸೋದರಮಾವ ಓಡಿದ್ದನ್ನು ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕುಗಳಲ್ಲಿ ಕಂಡವರಿಲ್ಲ! ಬಸ್ಸು ಹೊರಟರೂ ಅವರು ನಡೆದೇ ಹೋಗುತ್ತಾರೆ; ಕಂಡಕ್ಟರೇ ಸೋತು ಸೀಟಿ ಊದಿ ನಿಲ್ಲಿಸುತ್ತಾನೆ.

ಅಜ್ಜಂಪುರದಲ್ಲಿ ಅವರದು ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ. ಸುತ್ತುತ್ತಾ ಸುತ್ತುತ್ತಾ ಕೈ ನಿಲ್ಲುತ್ತದೆ, ಕಣ್ಣು ಮೋಡದ ಹಿಂದೆ ಹೊರಡುತ್ತದೆ. "ಲೇ, ತೋಟ ಒಣಗೋಯ್ತು ಕಣಪ್ಪಾ!" ಎಂದು ಗಿರಾಕಿ ಕೂಗಿದರೆ, ಮಾವ ಮೆಲ್ಲಗೆ, "ಆ ಮೋಡ ನೋಡು, ನಾಳೆ ಮೋಟಾರೇ ಬೇಕಾಗಾಕಿಲ್ಲ" ಎನ್ನುತ್ತಾರೆ. ಅಂಥವರ ಮೇಲೆ ಯಾರಾದರೂ ಸಿಟ್ಟಾಗಲು ಸಾಧ್ಯವೇ?

ಹೀಗಿದ್ದ ಮಾವನ ಮುಖ ಇದ್ದಕ್ಕಿದ್ದಂತೆ ಕೆಂಪಾಗತೊಡಗಿತು. ಮಗಳ ಮದುವೆ ಮಾತುಕತೆಗೆ ಕಡೂರಿಗೆ ಹೋದಾಗ ಗಂಡಿನ ತಂದೆ, "ಮದುವೆ ನಮ್ಮೂರಲ್ಲೇ ಆಗಬೇಕು" ಎಂದರು. ಅದೇ ಹೊತ್ತಿಗೆ ಮಾವನ ಮುಖ, ಕುತ್ತಿಗೆ ಎಲ್ಲ ಧಗಧಗ! ಬೀಗರು ಬೆವರಿ, "ಬ್ಯಾಡ ಬುಡಿ, ನಿಮ್ಮೂರಲ್ಲೇ ಮಾಡಾನ" ಎಂದುಬಿಟ್ಟರು. ಮಾವನಿಗೆ ಏನಾಯಿತೆಂದೇ ತಿಳಿಯಲಿಲ್ಲ.

ಒಬ್ಬ ವೈದ್ಯರು ಗ್ಯಾಸ್ಟ್ರಿಕ್ ಎಂದರು, ಇನ್ನೊಬ್ಬರು ಬದನೆಕಾಯಿ ತಿನ್ನುವುದನ್ನೇ ಬಿಡಿಸಿದರು. ಹೊಟ್ಟೆನೋವು, ಭೇದಿ ಶುರುವಾದ ಮೇಲೆ ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡಿಸಿದೆವು. ನ್ಯೂರೋಎಂಡೋಕ್ರೈನ್ ಟ್ಯೂಮರ್! "ಇಷ್ಟುದ್ದದ ಹೆಸರಿನ್ ಕಾಯ್ಲೆ ನಮ್ ವಂಶದಾಗೇ ಯಾರಿಗೂ ಬಂದಿಲ್ಲ ಕಣೋ" ಎಂದರು ಮಾವ, ಕೊಂಚ ಹೆಮ್ಮೆಯಿಂದಲೇ.

ದೊಡ್ಡ ಡಾಕ್ಟರು ಬಿಡಿಸಿ ಹೇಳಿದರು. ಮೂಲ ಗಡ್ಡೆ ಕರುಳಿನಲ್ಲಿ, ಲಿವರಿನಲ್ಲೂ ಕೆಲವು ಚುಕ್ಕೆ, ನಿಧಾನವಾಗಿ ಬೆಳೆಯುವಂಥದ್ದು; ಮುಖ ಕೆಂಪಾಗುವುದೂ ಅದು ಸೂಸುವ ಹಾರ್ಮೋನಿನಿಂದಲೇ. ತಿಂಗಳಿಗೊಂದು ಇಂಜೆಕ್ಷನ್ ತೆಗೆದುಕೊಂಡು, ಆಗಾಗ ಸ್ಕ್ಯಾನ್ ಮಾಡಿಸುತ್ತಾ ಕಾಯಬಹುದು. ಇಲ್ಲವೇ ಆಪರೇಷನ್ ಮಾಡಿ ಕರುಳಿನದನ್ನು ತೆಗೆಯಬಹುದು. ಅದರಲ್ಲಿ ಅಪಾಯವೂ ಉಂಟು, ಪೂರ್ತಿ ಗುಣವಾಗುವ ಭರವಸೆಯೂ ಇಲ್ಲ. "ಏನಾದ್ರೂ ಕೇಳೋದಿದೆಯಾ?" ಎಂದರು.

"ನಿಮ್ ಕಿಟಕಿ ಆಚೆ ಇರೋದು ಯಾವ ಮರ ಸಾರ್?" ಎಂದರು ಮಾವ!

ಹೊರಗೆ ಬಂದ ಮೇಲೆ, "ನಿಧಾನದ್ದಂತೆ, ಕೇಳ್ದಾ? ನಂಗೂ ಅದ್ಕೂ ಹೊಂದ್ಕೊಂಡೋಯ್ತದೆ" ಎಂದು ನಕ್ಕರು. ಕಾಯುವುದೆಂದೇ ನಾವೆಲ್ಲ ತಿಳಿದೆವು.

ಒಂದು ಸಂಜೆ ಅಜ್ಜಂಪುರ ಸ್ಟೇಷನ್ನಿನ ಬೆಂಚಿನ ಮೇಲೆ ಇಬ್ಬರೂ ಕೂತಿದ್ದೆವು. ಗೂಡ್ಸ್ ಗಾಡಿಯೊಂದು ಮುಗಿಯುವ ಮನಸ್ಸೇ ಇಲ್ಲದಂತೆ ಸಾಗುತ್ತಿತ್ತು. ಡಬ್ಬಿಗಳ ಸಂದಿಯಲ್ಲಿ ದೂರದ ಗುಡ್ಡಗಳು ನೀಲಿಯಾಗಿ ಮಿಣುಕಿ ಮರೆಯಾಗುತ್ತಿದ್ದವು. ಗಾಡಿ ದಾಟಿದ ಮೇಲೂ ಮಾವ ಅದೇ ಕಡೆ ನೋಡುತ್ತಿದ್ದರು.

"ಆಪರೇಷನ್ ಮಾಡಿಸ್ಕತೀನಿ ಕಣೋ."

"ಯಾಕೆ ಮಾವ? ಕಾಯ್ಬೋದು ಅಂದ್ರಲ್ಲ?"

"ನಾನು ಕಾಯ್ತೀನಪ್ಪ. ನಿಮ್ಮತ್ತೆ ಕೈಲಾಗಾಕಿಲ್ಲ. ನನ್ನ ಬೈಯೋದೇ ಬಿಟ್ಬಿಟ್ಟವ್ಳೆ. ಎದ್ರೂ ಕೂತ್ರೂ ಮುಖ ನೋಡ್ತಾಳೆ, ಕೆಂಪಾಯ್ತಾ ಅಂತ. ಮನೇಲಿ ಸದ್ದೇ ಇಲ್ಲ ಕಣೋ."

ಆಪರೇಷನ್ ಆಯಿತು. ಲಿವರಿನ ಚುಕ್ಕೆಗಳು ಈಗಲೂ ಇವೆ; ತಿಂಗಳಿಗೊಮ್ಮೆ ಇಂಜೆಕ್ಷನ್ ತಪ್ಪಿಲ್ಲ. ಮುಖ ಕೆಂಪಾಗುವುದು ಮಾತ್ರ ಅಪರೂಪವಾಗಿದೆ. ಆದರೆ ನನ್ನ ಕಣ್ಣಲ್ಲಿ ಉಳಿದಿರುವುದು ಆಪರೇಷನ್ ಮುಗಿದು ಮಾವನಿಗೆ ಎಚ್ಚರವಾದ ಆ ಮಧ್ಯಾಹ್ನ. ಅತ್ತೆ ಹೊದಿಕೆಯ ಮೇಲಿಂದಲೇ ಅವರ ಪಾದ ಹಿಡಿದು ಕೂತಿದ್ದರು.

"ಎಷ್ಟೊತ್ರೀ ಮಲಗೋದು? ಒಂದ್ ಕೆಲ್ಸಾನಾದ್ರೂ ಬೇಗ ಮಾಡಿದೀರಾ ಈ ಜನ್ಮದಾಗೆ..." ಎಂದು ಶುರುಮಾಡಿದ ಅತ್ತೆಯ ದನಿ ಒಡೆಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಮಾವ ಕಣ್ಣು ಮುಚ್ಚಿಕೊಂಡೇ ಮೆಲ್ಲಗೆಂದರು: "ನಿಲ್ಲಿಸ್ಬ್ಯಾಡ ಕಣೇ. ಇನ್ನೊಂಚೂರು ಬೈಯಿ."