ಹುಳು ಮನೆಯಲ್ಲೊಂದು ಆಟೋಮ್ಯಾಟಿಕ್ ಕಾರು

ನಮ್ಮ ಸೋದರತ್ತೆಗೆ ಪ್ರಪಂಚದ ಅತಿ ದುಬಾರಿ ಕಾರುಗಳನ್ನೆಲ್ಲ ಓಡಿಸುವುದು ಗೊತ್ತು. ಸೈಕಲ್ ತುಳಿಯುವುದು ಮಾತ್ರ ಗೊತ್ತಿಲ್ಲ! ವಯಸ್ಸು ಎಂಬತ್ತು ದಾಟಿದೆ. ಹುಟ್ಟಿದ್ದು ಯಲ್ದೂರು, ಸೇರಿದ್ದು ಸುಗಟೂರು. ಸ್ಟಿಯರಿಂಗ್ ಹಿಡಿದು ಒಂದು ಗೇಣು ದೂರ ಗಾಡಿ ಸರಿಸಿದವರಲ್ಲ. ಆದರೂ ಕೇಳಿ ನೋಡಿ. ಕ್ಲಚ್ಚಿಲ್ಲದ ಕಾರನ್ನು ಇಳಿಜಾರಿನಲ್ಲಿ ಹೇಗೆ ನಿಲ್ಲಿಸಬೇಕು, ಎದುರಿಗೆ ಗಾಡಿ ಬಂದರೆ ತಾನಾಗಿ ಬೆಳಕು ತಗ್ಗಿಸುವ ಹೆಡ್‌ಲೈಟನ್ನು ಎಷ್ಟು ನಂಬಬೇಕು, ಬಟನ್ ಒತ್ತಿದರೆ ಏರುವ ಕಿಟಕಿಗೆ ದೊರೆಸಾನಿಯ ಸೆರಗು ಸಿಕ್ಕಿಕೊಂಡರೆ ಮೊದಲು ಏನು ಮಾಡಬೇಕು, ಎಲ್ಲದಕ್ಕೂ ಉತ್ತರ ಸಿದ್ಧ. (ಮೊದಲು ಕ್ಷಮೆ ಕೇಳಬೇಕಂತೆ. ಬಟನ್ನಿನ ವಿಚಾರ ಆಮೇಲೆ!)

ಇದನ್ನೆಲ್ಲ ಅವರು ಕಲಿತದ್ದು ಸಿನಿಮಾ ನೋಡಿ. ಹಾಡು, ಹೊಡೆದಾಟ ಇರುವ ಸಿನಿಮಾ ಅಲ್ಲ, ಡ್ರೈವರುಗಳಿಗೆ ಪಾಠ ಹೇಳುವ ಸಿನಿಮಾ. ಅತ್ತೆಯ ಯಜಮಾನರು, ಅಂದರೆ ನಮ್ಮ ಮಾವ, ಬೆಂಗಳೂರಿನಲ್ಲಿ ವಿದೇಶಿ ಕಾರು ಮಾರುವ ಒಂದು ಅಂಗಡಿಯಲ್ಲಿ ಡ್ರೈವರಾಗಿದ್ದರು. ಆ ಕಾಲಕ್ಕೇ ಗೇರು ತಾನಾಗಿ ಬದಲಾಗುವ, ಕಿಟಕಿ ತಾನಾಗಿ ಏರುವ ಕಾರುಗಳು ಅಲ್ಲಿಗೆ ಬರುತ್ತಿದ್ದವು. ಕೊಂಡುಕೊಂಡ ಸಾಹುಕಾರರಿಗೆ ಓಡಿಸಲು ಬರುತ್ತಿರಲಿಲ್ಲ. ಅವರ ಡ್ರೈವರುಗಳೋ ಲಾರಿ ಓಡಿಸಿ ಬಂದವರು. ಎರಡೇ ಪೆಡಲು ನೋಡಿ, "ಮೂರನೇದು ಯಾರು ಬಿಚ್ಕೊಂಡ್ರು?" ಎಂದು ಕೇಳುತ್ತಿದ್ದರಂತೆ! ಅಂಥವರಿಗಾಗಿ ಕಂಪನಿಯಿಂದ ರೀಲುಗಳು ಬರುತ್ತಿದ್ದವು. ಅದರಲ್ಲಿ ಮಾತೆಲ್ಲ ಇಂಗ್ಲಿಷು. ಮಾವ ಪರದೆಯ ಪಕ್ಕ ನಿಂತು ಕನ್ನಡದಲ್ಲೂ ತೆಲುಗಿನಲ್ಲೂ ಕೂಗಿ ಹೇಳುತ್ತಿದ್ದರು: "ಇದಿಗೋ ಚೂಡಂಡಿ, ಬಟನ್ ಒತ್ತಿದ್ರೆ ಕಿಟಕಿ ತಾನೇ ಏರ್ತೈತೆ! ಯಾರ ಕೈಯೂ ಬೇಕಿಲ್ಲ!"

ಆದರೆ ಆ ರೀಲುಗಳಲ್ಲಿ ಸ್ಟಿಯರಿಂಗ್ ಎಡಗಡೆ. ಸಿನಿಮಾ ನೋಡಿ ಎದ್ದುಹೋದ ಡ್ರೈವರುಗಳು ನೇರವಾಗಿ ಕಾರಿನ ಎಡಗಡೆ ಕೂತು, ಸ್ಟಿಯರಿಂಗ್ ಎಲ್ಲಿ ಅಂತ ತಡಕಾಡಲು ಶುರುಮಾಡಿದರಂತೆ. ಅಂಗಡಿಯವರು ತಲೆ ಚಚ್ಚಿಕೊಂಡು, ಬಲಗಡೆ ಸ್ಟಿಯರಿಂಗ್ ಇರುವ ಒಂದು ರೀಲನ್ನು ಇಲ್ಲೇ ತೆಗೆಸಿದರು. ಅದರಲ್ಲಿ ಡ್ರೈವರು ನಮ್ಮ ಮಾವ. ಹೀರೋ ಅಂದುಕೊಂಡಿರಾ? ಮುಖ ಇಲ್ಲವೇ ಇಲ್ಲ! ಬಿಳಿ ಕೈಗವಸು ತೊಟ್ಟ ಒಂದು ಕೈ ಬರುತ್ತದೆ, ಬಟನ್ ಒತ್ತುತ್ತದೆ, ಗೇರಿನ ಕಡ್ಡಿ ಎಳೆಯುತ್ತದೆ, ಹೋಗುತ್ತದೆ. ಅಷ್ಟೇ.

ಅಂಗಡಿ ಮುಚ್ಚಿದಾಗ ರೀಲುಗಳನ್ನು ಗುಜರಿಗೆ ಹಾಕುವವರಿದ್ದರು. ಮಾವ ಏಳು ಡಬ್ಬಿ ರೀಲು, ಒಂದು ಪ್ರೊಜೆಕ್ಟರು ಬೇಡಿ ತಂದರು. ಬಸ್ಸಿನಲ್ಲಿ ಆ ಅಗಲದ ಚಪ್ಪಟೆ ಡಬ್ಬಿಗಳನ್ನು ನೋಡಿದ ಕಂಡಕ್ಟರು, "ಏನ್ ಸಾಮಿ, ಯಾರ ಮದ್ವೇದು ಇಷ್ಟೊಂದು ಒಬ್ಬಟ್ಟು?" ಎಂದು ಕೇಳಿಯೇಬಿಟ್ಟನಂತೆ.

ಊರಿಗೆ ಬಂದ ಮಾವ ಹಿಪ್ಪುನೇರಳೆ ಹಾಕಿ ರೇಷ್ಮೆ ಹುಳು ಸಾಕಿದರು. ಹುಳು ಸಾಕುವ ಮನೆಗೆ ಹೇಗೂ ಕತ್ತಲು ಬೇಕು. ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಅದೇ ನಮ್ಮ ಟಾಕೀಸು! ಎತ್ತಿನ ಗಾಡಿಯೂ ಸರಿಯಾಗಿ ಇಲ್ಲದ ಮನೆಯವರೆಲ್ಲ ಕೂತು, ಆಟೋಮ್ಯಾಟಿಕ್ ಕಾರಿನ ಎಣ್ಣೆ ಎಷ್ಟು ಮೈಲಿಗೊಮ್ಮೆ ಬದಲಾಯಿಸಬೇಕು ಅಂತ ಕಲಿತೆವು. ನಾವೆಲ್ಲ ಚಾಪೆ ಮೇಲೆ. ಅತ್ತೆಗೆ ಮಾತ್ರ ಗೋಡೆಯಿಂದ ನಾಲ್ಕೇ ಮಾರು ದೂರದಲ್ಲಿ, ಸರಿಯಾಗಿ ನಡುಮಧ್ಯ, ಒಂದು ಕುರ್ಚಿ. ಅದೂ ಹೇಗೆ ಬರುತ್ತಿದ್ದರು ಅಂತೀರಿ! ಮದುವೆಯ ರೇಷ್ಮೆ ಸೀರೆ, ತಲೆ ತುಂಬ ಕನಕಾಂಬರ, ಕಾಲಿಗೆ ಚಪ್ಪಲಿ. ಹುಳು ಮನೆಯೊಳಗೆ ಚಪ್ಪಲಿ! ಬೇರೆ ಯಾರಾದರೂ ಮೆಟ್ಟಿ ಬಂದಿದ್ದರೆ ಅತ್ತೆಯೇ ಪೊರಕೆ ಹಿಡಿದು ಓಡಿಸುತ್ತಿದ್ದರು. ನಮ್ಮಮ್ಮ ಬಾಯಿಗೆ ಸೆರಗು ಒತ್ತಿಕೊಂಡು, "ಅತ್ತಿಗೆಮ್ಮ ಎತ್ಲಾಗೋ ಹೊರಟಂಗೈತೆ" ಅಂದರೆ ಅತ್ತೆ ತಿರುಗಿಯೂ ನೋಡುತ್ತಿರಲಿಲ್ಲ.

ಮಾವ ಹೋಗಿ ಮೂವತ್ತು ವರ್ಷದ ಮೇಲಾಯಿತು. ಅವರು ಹೋದ ಮೇಲೆ ರೀಲುಗಳ ಯಜಮಾನಿಕೆ ಅತ್ತೆಯದು. ಜೋಪಾನ ಮಾಡುವ ಉತ್ಸಾಹದಲ್ಲಿ ಅವರು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಏಳೂ ಡಬ್ಬಿಗಳನ್ನು ಹಗೇವಿನಲ್ಲಿ, ಅಂದರೆ ರಾಗಿ ತುಂಬಿಡುವ ನೆಲದಡಿಯ ಕಣಜದಲ್ಲಿ ಹೂತು, ಬಾಯಿಗೆ ಮಣ್ಣು ಮೆತ್ತಿಬಿಟ್ಟರು!

"ರಾಗಿ ಹತ್ತಾರು ವರ್ಷ ಕೆಡಲ್ಲ ಕಣೋ ಅದ್ರಾಗೆ. ಫಿಲಮ್ಮೇನು ರಾಗಿಗಿಂತ ನಾಜೂಕಾ?"

ನಾಜೂಕೇ ಆಗಿತ್ತು. ಹಳೇ ಫಿಲಮ್ಮಿನಿಂದ ಒಂದು ಹುಳಿ ಆವಿ ಹೊರಡುತ್ತದಂತೆ. ಗಾಳಿಯಾಡದ ಕಡೆ ಇಟ್ಟರೆ ಆ ಆವಿಯೇ ಅದನ್ನು ತಿಂದುಹಾಕುತ್ತದಂತೆ. ಇದು ನಮಗೆ ಯಾರಿಗೆ ಗೊತ್ತಿತ್ತು? ಎರಡು ವರ್ಷ ಬಿಟ್ಟು ಹಗೇವಿನ ಬಾಯಿ ತೆರೆದಾಗ ಬೀದಿಯೆಲ್ಲ ಹುಳಿ ನಾತ. ಪಕ್ಕದ ಮನೆಯಾಕೆ ಓಡಿಬಂದು, "ಏನಕ್ಕಾ ಇದು, ಈ ವಯಸ್ನಾಗೆ ಹೆಂಡದ ವ್ಯಾಪಾರ ಇಟ್ಕಂಡ್ಯಾ?" ಎಂದಳು. ಮೂರು ರೀಲು ಅಚ್ಚುಬೆಲ್ಲದ ಹಾಗೆ ಗಟ್ಟಿಯಾಗಿದ್ದವು. ಮಾವನ ಕೈ ಇದ್ದ ರೀಲು ಹೇಗೋ ಉಳಿದುಕೊಂಡಿತ್ತು, ಆದರೆ ಅದಕ್ಕೂ ಹುಳಿ ಹತ್ತಿತ್ತು. ಎಲ್ಲರೂ ನಕ್ಕರು. ಅತ್ತೆ ಮಾತ್ರ ಮೂರು ದಿನ ಊಟ ಬಿಟ್ಟರು. "ನಾನೇ ಮಣ್ ಮಾಡ್ದೆ, ನನ್ ಕೈಯಾರೆ" ಎನ್ನುತ್ತಿದ್ದರು.

ಅಲ್ಲಿಂದ ಶುರುವಾಯಿತು ನೋಡಿ ಉಪಚಾರ! ಉಳಿದ ನಾಲ್ಕು ಡಬ್ಬಿಗಳಿಗೆ ಹುಳು ಮನೆಯ ಗವಾಕ್ಷಿಯ ಕೆಳಗೆ ಹಲಗೆ ಹೊಡೆಸಿದರು. ಮುಚ್ಚಳ ಸಡಿಲಿಸಿ ಮೇಲೆ ತೆಳು ಬಟ್ಟೆ ಕಟ್ಟಿದರು. ಹುಳುಗಳಿಗೆಂದು ನೇತುಹಾಕಿದ್ದ ಥರ್ಮಾಮೀಟರು ಡಬ್ಬಿಗಳ ಕಡೆಗೆ ತಿರುಗಿತು. ತಿಂಗಳಿಗೊಮ್ಮೆ, ಮಾವ ಬಿಟ್ಟುಹೋದ ಬಿಳಿ ಕೈಗವಸುಗಳನ್ನು ತೊಟ್ಟುಕೊಂಡು, ರೀಲನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಮೆಲ್ಲಗೆ ಸುತ್ತಿ ಗಾಳಿ ಕುಡಿಸುತ್ತಿದ್ದರು. ಆ ಬಲಗೈ ಗವಸಿನ ಹೆಬ್ಬೆರಳಿಗೆ ಕಪ್ಪು ದಾರದ ಹೊಲಿಗೆ. ಮದುವೆಯಾದ ಹೊಸದರಲ್ಲಿ ಅತ್ತೆಯೇ ಹಾಕಿದ್ದು. "ಬಿಳಿ ದಾರ ಮುಗಿದಿತ್ತು. ಬೆಳಿಗ್ಗೆ ಫಸ್ಟ್ ಬಸ್ಸಿಗೆ ಅವ್ರು ಹೋಗ್ಬೇಕಿತ್ತು" ಎಂದು ಅರವತ್ತು ವರ್ಷದ ಮೇಲೂ ಸಮಜಾಯಿಷಿ ಕೊಡುತ್ತಾರೆ.

ಈ ನಡುವೆ ನಾನೊಂದು ಆಟೋಮ್ಯಾಟಿಕ್ ಕಾರು ಕೊಂಡೆ. ಕೋಲಾರದ ನನ್ನ ಮನೆಯಿಂದ ಸುಗಟೂರಿಗೆ ಹೋಗಿ, ಅತ್ತೆಯನ್ನು ಹತ್ತಿಸಿಕೊಂಡು ಮುಳಬಾಗಿಲಿನ ನೆಂಟರ ಮನೆಗೆ ಹೊರಟೆ. ಜಂಬ ಕೊಚ್ಚಿಕೊಳ್ಳುವ ಆಸೆ, ಸುಳ್ಳೇಕೆ ಹೇಳಲಿ? ಹೆದ್ದಾರಿ ಸೇರುವಷ್ಟರಲ್ಲಿ ಜಂಬ ಇಳಿದಿತ್ತು.

"ಎಡಗಾಲು ಯಾಕ್ಲಾ ಅಲ್ಲಾಡಿಸ್ತೀಯ? ಎಡಗಾಲಿಗೆ ಇದ್ರಾಗೆ ಕೆಲಸ ಇಲ್ಲ, ಅದನ್ನ ಮನೇಲಿ ಬಿಟ್ ಬಂದಿದ್ರೂ ಆಗ್ತಿತ್ತು!"

"ಸರಿ ಅತ್ತೆ."

"ನಿಲ್ಲಿಸಿದ ಮೇಲೆ ಪಾರ್ಕಿಗೆ ಹಾಕ್ದೆ ಇಳಿದ್ಯೋ, ಗಾಡಿ ನಿನ್ನ ಬಿಟ್ಟು ಆಂಧ್ರಕ್ಕೆ ಹೋಗ್ತೈತೆ."

ನೆಂಟರ ಮನೆ ಮುಂದೆ ಕಾರು ನಿಲ್ಲಿಸಿ ಪಾರ್ಕಿಗೆ ಹಾಕಿದೆ. ಅತ್ತೆ ಇಳಿಯಲಿಲ್ಲ. ಹಿಂದಿನ ಸೀಟಿನಲ್ಲಿ ಮಡಿಲ ಮೇಲೆ ಕೈಯಿಟ್ಟು ನೆಟ್ಟಗೆ ಕೂತೇ ಇದ್ದರು. ಬಾಗಿಲು ತೆಗೆಯಲು ಬರುವುದಿಲ್ಲವೇನೋ ಅಂತ ಸುತ್ತಿ ಬಂದು ಹಿಡಿಗೆ ಕೈ ಹಾಕಿದೆ. "ಮುಟ್ಬೇಡ!" ಎಂದು ಗದರಿದರು. ಒಂದೆರಡು ನಿಮಿಷ ಹಾಗೇ ಕೂತಿದ್ದು, ಆಮೇಲೆ ತಾವೇ ತೆಗೆದು ಇಳಿದರು. ಯಾಕೆಂದು ಕೇಳಿದ್ದಕ್ಕೆ, "ಇಂಜಿನ್ ಸುಧಾರಿಸ್ಕೊಳ್ಳಿ ಅಂತ" ಎಂದರು. ಆಮೇಲೆ ಯಾರ ಕಾರಿನಲ್ಲಿ ಕೂತರೂ ಇದೇ ಕತೆ. ಅಳಿಯಂದಿರು, ಮೊಮ್ಮಕ್ಕಳು ಯಾರು ಬಾಗಿಲು ತೆಗೆಯಲು ಹೋದರೂ ಬೈಗುಳ. ನಾವು ಅವರಿಗೆ 'ಮಹಾರಾಣಿ' ಎಂದು ಹೆಸರಿಟ್ಟೆವು.

ಪ್ರೊಜೆಕ್ಟರಿನ ಬಲ್ಬು ಸುಟ್ಟುಹೋಗಿ ನಾಲ್ಕು ವರ್ಷವಾಗಿತ್ತು. ಅಂಥ ಬಲ್ಬು ಈಗ ಎಲ್ಲಿ ಸಿಗುತ್ತದೆ? ರೀಲನ್ನು ಸುತ್ತುವುದಷ್ಟೇ, ನೋಡುವುದು ನಿಂತಿತ್ತು. ಹೋದ ವರ್ಷ ಮಾವನ ಕೈ ಇದ್ದ ರೀಲನ್ನು ಸುತ್ತುತ್ತಿದ್ದಾಗ ತುದಿ ಪಟಕ್ಕನೆ ಮುರಿದು ಕೈಗೆ ಬಂತಂತೆ. ಅತ್ತೆ ನನಗೆ ಫೋನು ಮಾಡಿದರು.

"ಏನಾದ್ರೂ ಮಾಡೋ ನಾಯ್ನಾ. ಇದೂ ಹೋಯ್ತು ಅಂದ್ರೆ ಆಯ್ತು, ಇನ್ನೇನೂ ಇಲ್ಲ ನಂಗೆ."

ಬೆಂಗಳೂರಿನಲ್ಲಿ ಹಳೇ ಫಿಲಮ್ಮುಗಳನ್ನು ಕಂಪ್ಯೂಟರಿಗೆ ಇಳಿಸುವ ಒಬ್ಬ ಹೆಂಗಸನ್ನು ಹುಡುಕಿ ಸುಗಟೂರಿಗೇ ಕರೆತಂದೆ, ಯಾಕೆಂದರೆ ರೀಲನ್ನು ಬೆಂಗಳೂರಿಗೆ ಕಳಿಸಲು ಅತ್ತೆ ಸುತರಾಂ ಒಪ್ಪಲಿಲ್ಲ. ಆಕೆ ಹುಳು ಮನೆಯಲ್ಲೇ ಮೇಜು ಹಾಕಿ, ಬೆಳಕಿನ ಪೆಟ್ಟಿಗೆಯ ಮೇಲೆ ಫಿಲಮ್ಮಿಟ್ಟು, ಭೂತಗನ್ನಡಿಯಲ್ಲಿ ನೋಡುತ್ತ ಕೂತರು. ಮೊದಲು ಖುಷಿಪಟ್ಟರು. ತಾನಾಗಿ ಬೀಳುವ ಗೇರು, ತಾನಾಗಿ ತಗ್ಗುವ ಬೆಳಕು, ಇಂಥದ್ದು ಎಲ್ಲೂ ಉಳಿದಿಲ್ಲ ಎಂದರು. ಆಮೇಲೆ ಮುಖ ಸಣ್ಣದು ಮಾಡಿದರು.

"ಅಮ್ಮಾ, ಮುಕ್ಕಾಲು ಪಾಲು ಉಳಿಸಬಹುದು. ಆದರೆ ಸುರುಳಿಯ ಒಳಗಿನ ಕೊನೇ ಭಾಗ ತುಂಬಾ ಮುರುಟಿದೆ. ಅದನ್ನ ಬಿಡಿಸೋಕೆ ಹೋದರೆ ಮಿಕ್ಕಿದ್ದೂ ಮುರಿಯಬಹುದು. ಬಿಟ್ಟುಬಿಡೋಣ. ಕೊನೇಲಿ ಬರೀ ಒಂದು ಬಾಗಿಲು ತೆಗೆಯೋದಿದೆ, ಅಷ್ಟೇ. ಅದರಲ್ಲಿ ಆಟೋಮ್ಯಾಟಿಕ್ ಏನೂ ಇಲ್ಲ."

"ಅದ್ಕೇ ಕಣಮ್ಮ ಅದು ಬೇಕು" ಎಂದರು ಅತ್ತೆ. "ಮಿಕ್ಕಿದ್ದೆಲ್ಲಾ ಹೋದ್ರೂ ಹೋಗ್ಲಿ."

ಮೂವತ್ತು ವರ್ಷ ಹುಳುಗಳ ಜೊತೆ ಸಾಕಿದ ಆ ಗೇರು, ಆ ಕಿಟಕಿ, ಆ ಹೆಡ್‌ಲೈಟು, ಎಲ್ಲಾ ಹೋಗಲಿ ಅಂದರೆ?

ಅತ್ತೆ ನನ್ನ ಕಡೆ ನೋಡಲಿಲ್ಲ. ಆ ಹೆಂಗಸಿಗೇ ಹೇಳಿದರು. "ನಮ್ಮೋರು ಹದಿನೈದು ದಿನಕ್ಕೊಂದ್ಸಲ ಊರಿಗ್ ಬರ್ತಿದ್ರು. ದಿನಾ ಯಾರ್ಯಾರಿಗೋ ಬಾಗಿಲು ತೆಗೆದು ತೆಗೆದು ಸಾಕಾಗೈತೆ ಕಣೇ, ಒಂದಿನ ಕಾರು ತಂದು ನಿನ್ನ ಕೂರಿಸ್ಕೊಂಡು ಹೋಗಿ ನಿಂಗೂ ತೆಗೀತೀನಿ ಅಂತಿದ್ರು. ಆಗ್ಲೇ ಇಲ್ಲ. ಅವ್ರಿಗೆ ಯಾರಮ್ಮಾ ಕಾರು ಕೊಡ್ತಾರೆ? ಈ ಸಿನಿಮಾ ತೆಗೀವಾಗ ಕೊನೇಗೆ ಕ್ಯಾಮೆರಾನ ಹಿಂದಿನ ಸೀಟ್ನಾಗೆ ಇಟ್ಟಿದ್ರಂತೆ. ಇವ್ರು ಹೊರಗಿಂದ ಬಂದು ಬಾಗಿಲು ತೆಗೆದು, ಇಳೀರಿ ಅಂತ ಕೈ ನೀಡ್ಬೇಕು. ಊರಿಗ್ ಬಂದು ಹೇಳಿದ್ರು, ಕ್ಯಾಮೆರಾ ಇದ್ದ ಜಾಗದಾಗೆ ನೀನೇ ಕೂತಿದ್ದೀಯ ಅಂದ್ಕೊಂಡು ತೆಗೆದೆ ಕಣೇ, ಅಂತ."

ಹೇಳುತ್ತ ಅತ್ತೆ ಕೈಗವಸಿನ ಹೆಬ್ಬೆರಳನ್ನು ಸವರುತ್ತಿದ್ದರು. ಆ ಹೆಂಗಸು ಭೂತಗನ್ನಡಿಯಲ್ಲಿ ಇಣುಕಿ ನೋಡಿದರು, ತಲೆಯೆತ್ತಿ ಅತ್ತೆಯ ಕೈ ನೋಡಿದರು, ಮತ್ತೆ ಇಣುಕಿದರು. ಅಲ್ಲೂ ಬಿಳಿ ಹೆಬ್ಬೆರಳಿನ ಮೇಲೆ ಕಪ್ಪು ಹೊಲಿಗೆ ಕಾಣುತ್ತಿತ್ತೆಂದು ಆಮೇಲೆ ನನಗೆ ಹೇಳಿದರು. ಆಗ ಕನ್ನಡಕ ತೆಗೆದು ಒರೆಸಿಕೊಂಡರು, ಅಷ್ಟೇ.

ನನಗೆ ಹಿಂದಿನದೆಲ್ಲ ಒಂದೊಂದಾಗಿ ನೆನಪಿಗೆ ಬಂತು. ನಡುಮಧ್ಯದ ಕುರ್ಚಿ, ರೇಷ್ಮೆ ಸೀರೆ, ಕಾಲಿನ ಚಪ್ಪಲಿ. ಮುಳಬಾಗಿಲಿನಲ್ಲಿ ಕಾರೊಳಗೆ ಕೂತು ಕಾದಿದ್ದು. ಇಂಜಿನ್ ಸುಧಾರಿಸಿಕೊಳ್ಳಲಿ ಅಂತ! ನಾವು ಎಷ್ಟು ನಕ್ಕಿದ್ದೆವು! ಅವತ್ತು ನನಗೆ ನನ್ನ ಮೇಲೇ ಕೋಪ ಬಂತು.

ಕೊನೆಯ ಭಾಗವನ್ನು ಯಂತ್ರಕ್ಕೆ ಕೊಡಲಾಗಲಿಲ್ಲ. ಆ ಪುಣ್ಯಾತ್ಗಿತ್ತಿ ದಿನಗಟ್ಟಲೆ ಕೂತು, ಮುರುಟಿದ ಒಂದೊಂದು ಚಿತ್ರವನ್ನೂ ಗಾಜಿನಡಿ ಒತ್ತಿಹಿಡಿದು ಫೋಟೋ ತೆಗೆದು ಜೋಡಿಸಿದರು. ಹಾಗೆ ಮಾಡುವಾಗ ಗೇರಿನ ಪಾಠದ ಅರ್ಧ ಪುಡಿಯಾಯಿತು. ಅತ್ತೆ ಆ ಪುಡಿಯನ್ನು ಮೊರದಲ್ಲಿ ಎತ್ತಿ ಹಿಪ್ಪುನೇರಳೆ ಬುಡಕ್ಕೆ ಸುರಿದು ಬಂದರು.

ಹುಳುಗಳು ಗೂಡು ಕಟ್ಟಿ ಮನೆ ಖಾಲಿಯಾದ ದಿನ ಮಧ್ಯಾಹ್ನ, ಹೊಸ ಪ್ರೊಜೆಕ್ಟರು ತಂದೆ. ಕಿಟಕಿಗಳಿಗೆ ಗೋಣಿ ಕಟ್ಟಿದೆ. ಅತ್ತೆ ಬಂದರು. ರೇಷ್ಮೆ ಸೀರೆ, ಕನಕಾಂಬರ, ಚಪ್ಪಲಿ. ಕುರ್ಚಿಯನ್ನು ನಾನೇ ಗೋಡೆಯಿಂದ ನಾಲ್ಕು ಮಾರು ಅಳೆದು, ನಡುಮಧ್ಯಕ್ಕೆ ಹಾಕಿದೆ. ಅತ್ತೆ ಅದನ್ನು ಒಂದಿಷ್ಟು ಎಡಕ್ಕೆ ಸರಿಸಿಕೊಂಡು ಕೂತರು.

ಚಿತ್ರ ಶುರುವಾಯಿತು. ಬಿಳಿ ಕೈ ಬಂತು, ಬಟನ್ ಒತ್ತಿತು. "ಇದಿಗೋ ಚೂಡಂಡಿ" ಎಂದರು ಅತ್ತೆ, ಥೇಟ್ ಮಾವನ ಧಾಟಿಯಲ್ಲಿ. "ಕಿಟಕಿ ತಾನೇ ಏರ್ತೈತೆ. ಯಾರ ಕೈಯೂ ಬೇಕಿಲ್ಲ." ಆಮೇಲೆ ಕೊನೆಯ ಭಾಗ ಬಂತು. ಗೋಡೆಯ ಮೇಲೆ ಕಾರಿನ ಒಳಭಾಗ, ಮುಚ್ಚಿದ ಬಾಗಿಲು. ಚಿತ್ರ ಕುಪ್ಪಳಿಸುತ್ತಿತ್ತು, ಅಲ್ಲಲ್ಲಿ ಮಸುಕು. ಬಾಗಿಲು ತೆರೆಯಿತು. ಹೊರಗಿನ ಬಿಸಿಲು ಒಳಗೆ ಬಂತು. ಆ ಬಿಸಿಲಿನಿಂದ ಬಿಳಿ ಕೈಗವಸಿನ ಒಂದು ಕೈ, ಅಂಗೈ ಮೇಲಾಗಿ, ನಮ್ಮ ಕಡೆಗೆ ಚಾಚಿತು.

ಅತ್ತೆ ಸೀರೆಯ ನಿರಿಗೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದರು. ಬಲಗೈಯನ್ನು ಮುಂದೆ ಚಾಚಿದರು. ಕಾರಿನ ಚಾವಣಿ ತಾಗದ ಹಾಗೆ ತಲೆಯನ್ನು ಚೂರು ತಗ್ಗಿಸಿ, ಕುರ್ಚಿಯಿಂದ ಇಳಿದು ನಿಂತರು.